ಬ್ರಹ್ಮಾವರಕ್ಕೆ ಹೋದರೆ ತಪ್ಪುವ ಗುರಿ

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಒಂದು ಪ್ರಶ್ನೆ, ಅದಕ್ಕೊಂದು ಉತ್ತರ, ಅದರ ಮೇಲೊಂದು ಕೆಂಪು ಗುರುತು. ಇಷ್ಟು ಮುಗಿಸಿ ಮನೆಗೆ ಬಂದರೆ ನನ್ನ ತಲೆ ಹಗುರ. ಆ ತಲೆಯನ್ನು ಪೂರ್ತಿ ಕೆಡಿಸಿದ್ದು ಒಂದು ಉಕ್ಕಿನ ನಳಿಗೆ. ರೈಫಲ್ಲಿನ ನಳಿಗೆ ನೆಟ್ಟಗೆ ಹೊಡೆಯಬೇಕಾದರೆ ಅದರಲ್ಲಿ ಏನಿರಬೇಕು ಎಂದು ಆ ವರ್ಷ ನಾನು ಕಂಡಕಂಡವರನ್ನೆಲ್ಲ ಕೇಳಿದೆ. ಗೊತ್ತಿಲ್ಲ ಎಂದವರು ಯಾರೂ ಇಲ್ಲ. ಆದರೆ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳಮೇಳವಿರಲಿಲ್ಲ.

ರೈಫಲ್ ಎಂದರೆ ಗಾಬರಿಯಾಗುವುದು ಬೇಡ. ನನ್ನ ಮಗಳು ಪಿಯುಸಿ ಓದುತ್ತ ಗಾಳಿ ರೈಫಲ್ಲಿನಲ್ಲಿ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದಳು. ಮದ್ದಿಲ್ಲ, ಹೊಗೆಯಿಲ್ಲ. ಒತ್ತಿ ತುಂಬಿದ ಗಾಳಿ ಸಣ್ಣದೊಂದು ಸೀಸದ ಗುಂಡನ್ನು ತಳ್ಳುತ್ತದೆ, ಅಷ್ಟೆ. ಬ್ರಹ್ಮಾವರದಲ್ಲಿ ಒಂದು ಎ.ಸಿ. ಹಾಲ್. ಅಲ್ಲಿ ಕಲಿಸುವವರು ಸೈನ್ಯದಿಂದ ನಿವೃತ್ತರಾಗಿ ಬಂದ ಬೈಂದೂರಿನ ಮಾಸ್ಟರು. ಇವಳ ಕೈ ನಿಧಾನ, ಉಸಿರು ನಿಧಾನ ಎಂದು ಮೆಚ್ಚಿ, ಅವರ ಬಳಿ ಇದ್ದ ಒಳ್ಳೆಯ ರೈಫಲ್ ಒಂದನ್ನು ಅಭ್ಯಾಸಕ್ಕೆಂದು ಮನೆಗೇ ಕೊಟ್ಟಿದ್ದರು. ಕುಂದಾಪುರದಿಂದ ಬಸ್ಸಿನಲ್ಲಿ ಅದರ ಉದ್ದದ ಪೆಟ್ಟಿಗೆ ಹಿಡಿದುಕೊಂಡು ಹೋಗುವಾಗ ಕಂಡಕ್ಟರ್ ಅದನ್ನು ವೀಣೆ ಎಂದು ತಿಳಿದು, ಜಾಗ್ರತೆಯಾಗಿ ಇಟ್ಟುಕೊಳ್ಳಿ ಎನ್ನುತ್ತಿದ್ದ. ನಾನು ತಿದ್ದಲು ಹೋಗಲಿಲ್ಲ. ಮಗಳು ವೀಣೆ ಕಲಿಯುತ್ತಾಳೆ ಎಂದು ಯಾರಾದರೂ ತಿಳಿದರೆ ನನಗೇನು ನಷ್ಟ?

ನಮ್ಮ ಮನೆ ಕುಂದಾಪುರದ ಕೋಡಿಯಲ್ಲಿ, ಕಡಲಿನ ಬದಿಯಲ್ಲೇ. ಗಂಡ ಬೋಟಿನಲ್ಲಿ ಮೀನಿಗೆ ಹೋಗುವವರು. ಹೋದರೆ ಫೋನಿಗೂ ಸಿಗುವುದಿಲ್ಲ. ಮನೆಯಲ್ಲಿ ನಾನು, ಮಗಳು ಮತ್ತು ನನ್ನ ಅತ್ತೆ. ಮನೆಯ ಹಿಂದೆ ಬಲೆ ಇಡುವ ಉದ್ದನೆಯ ಶೆಡ್ಡಿದೆ. ಅದರ ಒಂದು ತುದಿಯಲ್ಲಿ ಗುರಿಕಾಗದ ಕಟ್ಟಿ ಇನ್ನೊಂದು ತುದಿಯಲ್ಲಿ ನಿಂತು ಮಗಳು ಹೊಡೆಯುತ್ತಿದ್ದಳು. ಒಂದು ಗುಂಡು ಹೋದ ತೂತಿನಲ್ಲೇ ಮತ್ತೊಂದು ಗುಂಡು ಹೋಗುತ್ತಿತ್ತು. ಅತ್ತೆ ಶೆಡ್ಡಿನ ಬಾಗಿಲಲ್ಲಿ ಬಲೆ ಹೊಲಿಯುತ್ತ ಕೂತು ಆ ಕಾಗದವನ್ನು ನೋಡಿ, ಅಷ್ಟು ಹೊಡೆದರೂ ಒಂದೇ ತೂತು, ಉಳಿದ ಗುಂಡು ಎಲ್ಲಿಗೆ ಹೋಯಿತು ಎಂದು ನಗುತ್ತಿದ್ದರು.

ನವರಾತ್ರಿ ಕಳೆಯುವವರೆಗೆ ಬ್ರಹ್ಮಾವರದಲ್ಲೂ ಹಾಗೆಯೇ ಇತ್ತು. ಆಮೇಲೆ ಏನಾಯಿತೋ, ಮನೆಯಲ್ಲಿ ಒಂದೇ ತೂತು ಮಾಡುವ ಹುಡುಗಿ ಬ್ರಹ್ಮಾವರದ ಹಾಲಿನಲ್ಲಿ ಕಾಗದದ ತುಂಬ ಗುಂಡು ಚೆಲ್ಲತೊಡಗಿದಳು. ಒಂದು ಮೇಲೆ, ಒಂದು ಎಡಕ್ಕೆ, ಮತ್ತೊಂದು ಎಲ್ಲಿಯೋ. ರೈಫಲ್ಲಿನ ಮೇಲೆ ಗುರಿ ನೋಡುವ ಹಿಂದಿನ ಕಣ್ಣಿಗೆ ಇರುವ ಸಣ್ಣ ತಿರುಪನ್ನು ಅಲ್ಲಿ ಅತ್ತ ತಿರುಗಿಸಿದರೆ, ಮನೆಗೆ ಬಂದು ಇತ್ತ ತಿರುಗಿಸಬೇಕು. ಅದೇ ರೈಫಲ್, ಅದೇ ಗುಂಡು, ಅದೇ ಹುಡುಗಿ. ಬದಲಾಗಿದ್ದು ಊರು ಮಾತ್ರ. ಊರು ಬದಲಾದರೆ ನಳಿಗೆಗೆ ಗೊತ್ತಾಗುತ್ತದೆಯೇ?

ಮಾಸ್ಟರು ನಳಿಗೆಯಲ್ಲಿ ಏನೂ ದೋಷವಿಲ್ಲ ಎಂದುಬಿಟ್ಟರು. ನನ್ನನ್ನು ಕೂರಿಸಿಕೊಂಡು ವಿವರಿಸಿದರು. ನಳಿಗೆಯ ಒಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರಂತೆ. ಗುಂಡು ಆ ಗೀರಿಗೆ ಸಿಕ್ಕಿ ತಿರುಗುತ್ತ ಹೊರಬರುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ ಗುಂಡೂ ತಲೆ ಹೊರಳಿಸದೆ ಹೋಗುತ್ತದೆ. ಗೀರು ಸರಿಯಿದ್ದರೆ ನಳಿಗೆ ಸರಿ, ಇದರ ಗೀರು ಸರಿಯಿದೆ, ಆದ್ದರಿಂದ ತಪ್ಪು ಹುಡುಗಿಯ ಮನಸ್ಸಿನಲ್ಲಿದೆ, ನಾಲ್ಕು ಜನರ ಎದುರು ಹೆದರುತ್ತಾಳೆ ಎಂದರು. ರಾಜ್ಯ ಮಟ್ಟದ ಸ್ಪರ್ಧೆಗೆ ಹೋಗುವವರ ಆಯ್ಕೆ ಡಿಸೆಂಬರ್ ಕೊನೆಯಲ್ಲಿ ಇದೇ ಹಾಲಿನಲ್ಲಿ ಇತ್ತು. ಅಲ್ಲಿಯೂ ಹೀಗೇ ಆದರೆ ರೈಫಲ್ಲನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಬೇಸರದಿಂದಲೇ ಹೇಳಿದರು.

ಮಗಳು ಅದನ್ನು ಕೇಳಿಸಿಕೊಂಡಳು. ಬಸ್ಸು ಕೋಟ ದಾಟಿದ ಮೇಲೆ, ತಾನಿನ್ನು ಇದನ್ನು ಬಿಡುತ್ತೇನೆ ಎಂದಳು. ಈ ಹುಡುಗಿ ಚಿಕ್ಕಂದಿನಿಂದ ಎಲ್ಲದಕ್ಕೂ ಹಿಂದೆ ಸರಿಯುವವಳು. ಕ್ಲಾಸಿನಲ್ಲಿ ಹಿಂದಿನ ಬೆಂಚು, ಫೋಟೋದಲ್ಲಿ ಹಿಂದಿನ ಸಾಲು. ಮೊದಲ ಸಲ ಒಂದು ಕಡೆ ಎದೆ ನೆಟ್ಟಗೆ ಮಾಡಿ ನಿಂತಿದ್ದಳು. ಆ ನಿಲುವು ಹೋದರೆ ರೈಫಲ್ ಹೋದಷ್ಟು ಸುಲಭದಲ್ಲಿ ಮುಗಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ತಪ್ಪು ಅವಳದ್ದಲ್ಲ, ನಳಿಗೆಯದ್ದೇ ಎಂದು ಹೇಳಬೇಕೆನಿಸಿತು. ಹೇಳಲು ನನ್ನ ಬಳಿ ಏನಿತ್ತು?

ಮನೆಗೆ ಬಂದರೆ ಅತ್ತೆ ಜಗಲಿಯಲ್ಲಿ ಕೂತಿದ್ದವರು ಎಂದಿನಂತೆ ಒಂದೇ ಮಾತು ಕೇಳಿದರು.

"ಬಂದ್ರ್ಯಾ?"

ಎಷ್ಟು ಅಂಕ ಬಂತು, ಹೇಗಾಯಿತು, ಮಗುವಿನ ಮುಖ ಯಾಕೆ ಬಾಡಿದೆ, ಒಂದನ್ನೂ ಕೇಳಲಿಲ್ಲ. ಯಾವತ್ತೂ ಕೇಳಿದವರಲ್ಲ. ಬಂದಿದ್ದೇವೆ ಎನ್ನುವುದು ಕಣ್ಣಿಗೆ ಕಾಣುವುದಿಲ್ಲವೇ ಎಂದು ನನಗೆ ಸಿಟ್ಟು ಬಂತು. ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ.

ಮರುವಾರ ರಜೆ ಹಾಕಿ, ಪೆಟ್ಟಿಗೆ ಹೊತ್ತುಕೊಂಡು ಬಸ್ರೂರಿಗೆ ಹೋದೆ. ಅಲ್ಲಿ ಲೇತ್ ಅಂಗಡಿ ಇಟ್ಟುಕೊಂಡಿರುವವರು ನನ್ನ ಗಂಡನ ಬೋಟಿನ ಶಾಫ್ಟ್ ಮಾಡಿಕೊಡುವವರು. ಗಾಳಿ ರೈಫಲ್ ಮುಟ್ಟಿದ್ದು ಅವರಿಗೂ ಅದೇ ಮೊದಲು. ಆದರೂ ಅಭಿಪ್ರಾಯಕ್ಕೆ ಬರವಿರಲಿಲ್ಲ. ಗೀರು ಪಾರು ಎಲ್ಲ ಆಮೇಲೆ, ಮುಖ್ಯ ಇರುವುದು ನಳಿಗೆಯ ಬಾಯಲ್ಲಿ ಎಂದರು. ಗುಂಡು ಕೊನೆಯದಾಗಿ ಮುಟ್ಟಿ ಬಿಡುವುದು ಆ ಬಾಯಿಯ ಅಂಚನ್ನು. ಅಂಚು ಸುತ್ತಲೂ ಒಂದೇ ಸಮ ಇರಬೇಕು. ಒಂದು ಬದಿಯಲ್ಲಿ ತರಿ ಇದ್ದರೂ ಹಿಂದಿನಿಂದ ಬರುವ ಗಾಳಿ ಇನ್ನೊಂದು ಬದಿಯಿಂದ ಮೊದಲು ನುಗ್ಗಿ, ಗುಂಡಿನ ಬುಡಕ್ಕೆ ತಟ್ಟಿ ಹೋಗುತ್ತದೆ. ತಟ್ಟಿಸಿಕೊಂಡ ಗುಂಡು ಓಲಾಡುತ್ತ ಹೋಗಿ ಎಲ್ಲೋ ಕೂರುತ್ತದೆ. ಮಾತು ಸರಿಯೆನಿಸಿತು. ಅವರು ಒಂದಿಷ್ಟು ಹತ್ತಿ ತೆಗೆದುಕೊಂಡು ಬಾಯಿಯ ಅಂಚಿಗೆ ಸುತ್ತಲೂ ಉಜ್ಜಿದರು. ತರಿ ಇದ್ದಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳಬೇಕಂತೆ. ಒಂದೂ ಸಿಕ್ಕಲಿಲ್ಲ. ಹತ್ತಿ ಒದ್ದೆಯಾಗಿ ಬಂತು.

"ಎಣ್ಣಿ ಲಾಯ್ಕ್ ಮಾಡಿ ಹಾಕಿದ್ರಿ ಟೀಚರೇ. ಉಪ್ಪು ಗಾಳಿಗೆ ಹೀಂಗೇ ಕಾಣ್ಕ್" ಎಂದು, ತುಕ್ಕು ಹಿಡಿಯದಂತೆ ನೋಡಿಕೊಂಡದ್ದಕ್ಕೆ ಹೊಗಳಿದರು.

ಮಗಳು ಹಾಕಿರಬೇಕು, ಎಷ್ಟು ಜಾಗ್ರತೆ ಎಂದು ನಾನೂ ಹೆಮ್ಮೆಪಟ್ಟುಕೊಂಡೆ. ಮನೆಗೆ ಬಂದು ಮಗಳಿಗೆ ಬಾಯಿಯ ವಿಷಯ ಹೇಳಿದೆ, ಎಣ್ಣೆಯ ವಿಷಯ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆ ಎಂದುಕೊಂಡೆ. ಆಕೆ ಬಲೆಯ ಶೆಡ್ಡಿಗೆ ಹೋಗಿ ಮಾಮೂಲಿನಂತೆ ನಳಿಗೆಯೊಳಗೆ ಒಂದೆರಡು ಉಣ್ಣೆಯ ಬಿರಡೆಗಳನ್ನು ಹಾಯಿಸಿ ಒರೆಸಿ ಹೊಡೆದಳು. ಒಂದೇ ತೂತು.

ಇನ್ನು ಉಳಿದದ್ದು ನನ್ನ ಅಣ್ಣ. ಅವನಿರುವುದು ನನ್ನ ತವರು ಕೆರಾಡಿಯಲ್ಲಿ, ಕಾಡಿನ ಅಂಚಿಗೆ. ಬಾಳೆಗೆ ಬರುವ ಹಂದಿಯನ್ನೂ ಮಂಗವನ್ನೂ ಬೆದರಿಸಲು ಲೈಸೆನ್ಸಿನ ಕೋವಿ ಇಟ್ಟುಕೊಂಡಿದ್ದಾನೆ. ಅದು ಯಾವತ್ತಾದರೂ ಹಂದಿಗೆ ತಗಲಿದ್ದನ್ನು ನಾನಂತೂ ಕೇಳಿಲ್ಲ. ಸದ್ದಿಗೆ ಮಂಗಗಳು ಪಕ್ಕದವರ ತೋಟಕ್ಕೆ ಹೋಗುತ್ತವೆ, ಪಕ್ಕದವರ ಸದ್ದಿಗೆ ವಾಪಸು ಬರುತ್ತವೆ. ಕೆರಾಡಿಗೆ ಹೋಗೋಣ ಎಂದವಳು ಮಗಳೇ. ಅಲ್ಲಿ ಅಣ್ಣ ಅತ್ತಿಗೆ ಬಿಟ್ಟರೆ ನೋಡುವವರು ಯಾರೂ ಇಲ್ಲ. ಜನರ ಹೆದರಿಕೆಯೇ ಆಗಿದ್ದರೆ ಅಲ್ಲಿ ಗುಂಡು ಚೆದುರಬಾರದು. ಹುಡುಗಿ ಲೆಕ್ಕಾಚಾರ ಸರಿಯಾಗಿಯೇ ಹಾಕಿದ್ದಳು.

ಸಂಜೆ ಚಳಿ ಇಳಿಯುವ ಹೊತ್ತಿಗೆ ಅಣ್ಣನ ಮನೆಯ ಅಂಗಳದಲ್ಲಿ ಕಾಗದ ಕಟ್ಟಿ ಹೊಡೆದಳು. ಚೆದುರಿತು. ಬ್ರಹ್ಮಾವರದಲ್ಲಿ ಚೆದುರಿದ ಹಾಗೆಯೇ.

ಅಣ್ಣ ತನ್ನ ಕೋವಿಯ ಉದ್ದ ನಳಿಗೆ ತೋರಿಸಿ, ಉದ್ದ ಸಾಲದು, ಅದಕ್ಕೇ ಹೀಗಾಗುತ್ತದೆ ಎಂದ. ಅವನ ಕೋವಿಯ ಒಳಗೆ ಗೀರೇ ಇಲ್ಲ, ಪೈಪಿನ ಹಾಗೆ ನುಣ್ಣಗಿದೆ. ಹಾಗಾದರೆ ಉದ್ದವೋ, ಗೀರೋ, ಬಾಯಿಯೋ, ಮನಸ್ಸೋ? ನನ್ನ ತಲೆಯೊಳಗೆ ಗೊಂದಲವೋ ಗೊಂದಲ. ಮಗಳಿಗೆ ಮಾತ್ರ ಉತ್ತರ ಸಿಕ್ಕಿಬಿಟ್ಟಿತ್ತು. ಜನ ಇದ್ದರೂ ಇಲ್ಲದಿದ್ದರೂ ಮನೆಯಿಂದ ಹೊರಗೆ ಕಾಲಿಟ್ಟರೆ ತನ್ನಿಂದ ಆಗುವುದಿಲ್ಲ, ತಾನು ಬಲೆ ಶೆಡ್ಡಿನಲ್ಲಿ ಹೊಡೆಯಲಿಕ್ಕೆ ಮಾತ್ರ ಲಾಯಕ್ಕು ಎಂದು ಪೆಟ್ಟಿಗೆ ಮುಚ್ಚಿದಳು. ಅಳಲೂ ಇಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಆ ರಾತ್ರಿ ಕೆರಾಡಿಯಲ್ಲಿ ಚಳಿ ಬಿದ್ದಿತ್ತು. ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳೋಣವೆಂದು ತೆಂಗಿನೆಣ್ಣೆಯ ಬಾಟಲಿ ಬಗ್ಗಿಸಿದರೆ ಒಂದು ಹನಿಯೂ ಬರಲಿಲ್ಲ. ಬೆಳ್ಳಗೆ ಗಟ್ಟಿಯಾಗಿ ನಿಂತಿತ್ತು. ಅತ್ತಿಗೆ ಅದನ್ನು ತೆಗೆದುಕೊಂಡು ಹೋಗಿ ಬಚ್ಚಲೊಲೆಯ ಹತ್ತಿರ ಇಟ್ಟರು. ಕಡಲ ಬದಿಯಲ್ಲಿ ಸಂಸಾರ ಮಾಡಿ ಮಾಡಿ, ಎಣ್ಣೆ ಗಟ್ಟಿಯಾಗುವುದನ್ನೇ ನಾನು ಮರೆತಿದ್ದೆ. ಅಷ್ಟರಲ್ಲಿ ಜಗಲಿಯಿಂದ ಅಣ್ಣ ಕೂಗಿದ. ಪೆಟ್ಟಿಗೆ ತೆರೆದು ರೈಫಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಹ್ವಾಯ್, ಇಲ್ ಬಾ ಕಾಂಬ. ಇದ್ರ ಬಾಯೆಗೆ ಬಿಳಿ ಎಂತದಾ?"

ನಳಿಗೆಯ ಬಾಯಿಯ ಒಳಸುತ್ತಿನಲ್ಲಿ, ಒಂದು ಬದಿಗೆ ಹೆಚ್ಚು ಒಂದು ಬದಿಗೆ ಕಡಿಮೆ, ಬೆಳ್ಳಗೆ ಮೆತ್ತಿಕೊಂಡಿತ್ತು. ಬೆರಳಿನಿಂದ ತೆಗೆದರೆ ಬೆರಳ ಶಾಖಕ್ಕೇ ಕರಗಿತು. ಮೂಸಿ ನೋಡಿದೆ. ತೆಂಗಿನೆಣ್ಣೆ. ಬರೀ ತೆಂಗಿನೆಣ್ಣೆಯಲ್ಲ, ಸುಟ್ಟ ಬತ್ತಿಯ ಕಮಟು ಸೇರಿದ್ದು. ಆ ವಾಸನೆ ನಮ್ಮ ಮನೆಯ ದೇವರ ಕೋಣೆಯದ್ದು. ಅಲ್ಲಿಯ ದೀಪವನ್ನು ಮುಟ್ಟುವವರು ಅತ್ತೆ ಒಬ್ಬರೇ.

ನವರಾತ್ರಿಯ ಆಯುಧ ಪೂಜೆಗೆ ಅತ್ತೆ ಬೋಟಿನ ಇಂಜಿನ್, ಮೀನು ಕೊಯ್ಯುವ ಮೆಟ್ಟುಗತ್ತಿ, ನನ್ನ ಹೊಲಿಗೆ ಮೆಷಿನ್ ಎಲ್ಲದರ ಜೊತೆ ರೈಫಲ್ಲಿಗೂ ಕುಂಕುಮ ಇಟ್ಟಿದ್ದರು. ಅದು ನನಗೆ ಗೊತ್ತಿತ್ತು. ಆಮೇಲೂ ರೈಫಲ್ ಮನೆಯಿಂದ ಹೊರಡುವ ದಿನವೆಲ್ಲ ಅದರ ಪೆಟ್ಟಿಗೆ ಬೆಳಿಗ್ಗೆ ಸ್ವಲ್ಪ ಹೊತ್ತು ದೇವರ ಕೋಣೆಯಲ್ಲಿ ಇರುತ್ತಿತ್ತು. ಒಂದು ಕುಂಕುಮ ಇಡುತ್ತಾರೆ, ಇಡಲಿ ಎಂದು ನಾನು ತಿಂಡಿ ಕಟ್ಟುತ್ತ ಇರುತ್ತಿದ್ದೆ. ಹೊರಡುವ ದಿನ ಮಾತ್ರ. ಬ್ರಹ್ಮಾವರಕ್ಕೆ, ಬಸ್ರೂರಿಗೆ, ಕೆರಾಡಿಗೆ. ಬಲೆ ಶೆಡ್ಡಿಗೆ ಹೋಗುವಾಗ ಇಲ್ಲ. ಊರು ನಳಿಗೆಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೆನಲ್ಲ, ಅದಕ್ಕೆ ಉತ್ತರ ಇಷ್ಟು ಹತ್ತಿರ ಇತ್ತು. ಬಸ್ರೂರಿನವರು ಎಲ್ಲಕ್ಕಿಂತ ನಾಜೂಕು ಎಂದ ಜಾಗಕ್ಕೇ ಎಣ್ಣೆ ಬೀಳುತ್ತಿತ್ತು. ಎ.ಸಿ. ಹಾಲಿನ ತಂಪಿಗೆ, ಕೆರಾಡಿಯ ಚಳಿಗೆ ಅದು ಹೆಪ್ಪುಗಟ್ಟುತ್ತಿತ್ತು. ಮನೆಗೆ ಬರುವಷ್ಟರಲ್ಲಿ ಬಸ್ಸಿನ ಸೆಕೆಗೆ ಕರಗಿರುತ್ತಿತ್ತು. ಉಳಿದದ್ದನ್ನು ಮಗಳು ಶೆಡ್ಡಿನಲ್ಲಿ, ಏನೆಂದು ತಿಳಿಯದೆ, ಒರೆಸಿಬಿಡುತ್ತಿದ್ದಳು.

ಮಗಳ ಮುಖದಲ್ಲಿ ಬಣ್ಣ ಬಂತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮಗು ತಿಂಗಳುಗಟ್ಟಲೆ ತನ್ನನ್ನು ತಾನೇ ಬೈದುಕೊಂಡಿದೆ. ಅಜ್ಜಿಗೆ ಏನೂ ಹೇಳುವುದು ಬೇಡ, ಇನ್ನು ಮೇಲೆ ಹಾಲಿನಲ್ಲಿ ಒರೆಸಿಕೊಂಡರಾಯಿತು ಎಂದು ಮಗಳು ಬೇಡಿಕೊಂಡಳು. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡೆ. ಇಷ್ಟು ವರ್ಷ ಪಾಠ ಮಾಡಿದವಳು, ಮಾತಿಗೆ ಕೊರತೆಯೇ?

ಜಗಲಿಯಲ್ಲಿ ಅತ್ತೆ ಇದ್ದರು. "ಬಂದ್ರ್ಯಾ?" ಎಂದರು.

ನಾನು ಚಪ್ಪಲಿಯನ್ನೂ ಬಿಡದೆ ಶುರುಮಾಡಿದೆ. ಆ ನಳಿಗೆ ಮೆಟ್ಟುಗತ್ತಿಯಲ್ಲ, ಅದರ ಬಾಯಿಗೆ ಕೂದಲೆಳೆಯಷ್ಟು ಏನು ಮೆತ್ತಿದರೂ ಗುಂಡು ದಾರಿ ತಪ್ಪುತ್ತದೆ, ನಿಮ್ಮ ಎಣ್ಣೆಯಿಂದ ಮಗು ತನ್ನ ಕೈಯಲ್ಲಿ ಏನೂ ಆಗುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡಿದೆ, ಯಾರನ್ನು ಕೇಳಿ ಹಚ್ಚಿದಿರಿ ಎಂದೆಲ್ಲ ಅಂದೆ. ಅತ್ತೆ ಸೂಜಿಯನ್ನು ಬಲೆಗೆ ಸಿಕ್ಕಿಸಿ ಕೇಳಿಸಿಕೊಂಡರು. ನನ್ನ ಉಸಿರು ಮುಗಿದ ಮೇಲೆ, ಸಮಜಾಯಿಷಿ ಹೇಳುವವರಂತೆ ನಿಧಾನಕ್ಕೆ ಹೇಳಿದರು.

"ಮುಂದೆ ಹೋಪುದ್ ಯಾವ್ದೋ, ಅದ್ರ ಬಾಯಿಗೆ ದೀಪದ್ ಎಣ್ಣಿ ಹಚ್ಚುದ್ ಮಗಾ. ದೋಣಿಗೂ ಹಾಂಗೇ." ಸೂಜಿಯನ್ನು ಮತ್ತೆ ಕೈಗೆ ತೆಗೆದುಕೊಂಡು, "ಒಂದ್ ಸರ್ತಿ ಹಚ್ಚದೇ ಕಳ್ಸಿದ್ದೆ" ಎಂದರು.

ನನ್ನ ಮಾವನನ್ನು ನಾನು ನೋಡಿಲ್ಲ. ಕಡಲಿಗೆ ಹೋದವರು ಬರಲಿಲ್ಲ ಎಂದಷ್ಟೇ ಗಂಡ ಹೇಳಿದ್ದರು. ಮಾವ ಹೋದ ಆ ಬೆಳಿಗ್ಗೆ ಮೀನಿನ ಸುದ್ದಿ ಬಂದು ದೋಣಿ ಬೇಗ ಹೊರಟಿತ್ತು, ಅತ್ತೆ ದೀಪ ಹಚ್ಚಿ ಎಣ್ಣೆ ತೆಗೆದುಕೊಂಡು ದಡಕ್ಕೆ ಬರುವಷ್ಟರಲ್ಲಿ ದೋಣಿ ಅಲೆ ದಾಟಿ ಹೋಗಿತ್ತು ಎನ್ನುವುದನ್ನು ಅವರು ಹೇಳಿದ್ದು ಅವತ್ತೇ, ಆ ಜಗಲಿಯಲ್ಲೇ. ನನ್ನ ಗಂಡನಿಗೂ ಹೇಳಿರಲಿಲ್ಲವಂತೆ. ನಾನು ಚಪ್ಪಲಿ ಬಿಟ್ಟು ಅವರ ಪಕ್ಕದಲ್ಲಿ ಕೂತೆ. ಎಣ್ಣೆಗೂ ಕಡಲಿಗೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಎಣ್ಣೆಗೂ ಗುಂಡಿಗೂ ಸಂಬಂಧವಿದೆ ಎಂದು ಆಗತಾನೇ ಕೂಗಾಡಿದವಳು ನಾನೇ ಅಲ್ಲವೇ?

ಮಗಳು ನಳಿಗೆಯನ್ನು ಹಿಂದಿನಿಂದ ಮುಂದಕ್ಕೆ ಉಣ್ಣೆಯ ಬಿರಡೆ ಹಾಯಿಸಿ ಹಾಯಿಸಿ, ಅದು ಬೆಳ್ಳಗೆ ಬರುವವರೆಗೆ ಒರೆಸಿದಳು. ಒರೆಸಿದ ಮೇಲಿನ ಮೊದಲ ಗುಂಡುಗಳು ಮತ್ತೆ ಎತ್ತೆತ್ತಲೋ ಹೋದವು. ಮಾಸ್ಟರಿಗೆ ಫೋನ್ ಮಾಡಿದರೆ ಅವರು ನಕ್ಕರು. ಪೂರ್ತಿ ಒರೆಸಿದ ನಳಿಗೆ ಸ್ವಲ್ಪ ಸೀಸ ಉಂಡ ಮೇಲೆಯೇ ಹದಕ್ಕೆ ಬರುವುದಂತೆ. ಕೊಳೆ ಇದ್ದರೂ ಕಷ್ಟ, ತೀರಾ ಇಲ್ಲದಿದ್ದರೂ ಕಷ್ಟ. ಇದನ್ನು ಯಾವ ಪ್ರಶ್ನೆಗೆ ಉತ್ತರವೆಂದು ಬರೆಸುವುದು?

ಆಯ್ಕೆಯ ದಿನ ಬೆಳಿಗ್ಗೆ ಪೆಟ್ಟಿಗೆ ದೇವರ ಕೋಣೆಗೆ ಹೋಗಲಿಲ್ಲ. ಬಾಗಿಲ ಬಳಿ ಗೋಡೆಗೆ ಒರಗಿತ್ತು. ಅತ್ತೆ ಸ್ನಾನ ಮಾಡಿ ದೀಪ ಹಚ್ಚಿ ಬಂದವರು ಅದರಿಂದ ದೂರವೇ ನಿಂತರು. ಬಲಗೈಯ ಬೆರಳು ಎಣ್ಣೆಯಾಗಿತ್ತು. ಅದನ್ನು ಸೆರಗಿಗೆ ಒರೆಸಿಕೊಳ್ಳಲೂ ಆಗದೆ, ಮುಂದೆ ಚಾಚಲೂ ಆಗದೆ, ಕೈಯನ್ನು ಹಾಗೇ ಹಿಡಿದುಕೊಂಡಿದ್ದರು. ನಾನು ಹಚ್ಚಿ ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ. ಮಗಳು ಶೂ ಕಟ್ಟುತ್ತಿದ್ದವಳು ಎದ್ದು ಅಜ್ಜಿಯ ಎದುರು ಬಂದು ನಿಂತಳು.

"ಅಜ್ಜಿ, ಮುಂದೆ ಹೋಪುದ್ ನಾನಲ್ದಾ? ನಂಗ್ ಹಚ್ಚು."

ತಲೆ ಬಗ್ಗಿಸಿದಳು. ಅತ್ತೆ ಅವಳ ಬೈತಲೆಯ ಬುಡಕ್ಕೆ ಎಣ್ಣೆ ಹಚ್ಚಿದರು. ಎಷ್ಟು ಹಚ್ಚಿದರೆಂದರೆ ಅದು ಹಣೆಗೆ ಇಳಿಯಿತು. ಬಸ್ಸಿನಲ್ಲಿ ನಾನು ಅದು ಕಣ್ಣಿಗೆ ಬರುತ್ತದೋ ಎಂದು ಕರ್ಚೀಫಿನಲ್ಲಿ ಒತ್ತುತ್ತ ಕೂತೆ, ಒರೆಸಲಿಲ್ಲ.

ಹಾಲಿನಲ್ಲಿ ಎ.ಸಿ. ಎಂದಿನಂತೆ ಕೊರೆಯುತ್ತಿತ್ತು. ಅಂಕಕ್ಕೆ ಮೊದಲು ಗುರಿ ನೋಡಿಕೊಳ್ಳಲು ಹೊಡೆಯುವ ಗುಂಡುಗಳು ಎಲ್ಲವೂ ನಡುವಿನಿಂದ ಬಹಳ ಎಡಕ್ಕೆ, ಮೇಲಕ್ಕೆ ಬಿದ್ದವು. ನಾನು ಕಣ್ಣು ಮುಚ್ಚಿದೆ. ತೆರೆದರೆ ಮಾಸ್ಟರು ಖುಷಿಯಲ್ಲಿ ತೊಡೆ ತಟ್ಟಿಕೊಳ್ಳುತ್ತಿದ್ದಾರೆ. ಎಲ್ಲ ಒಂದೇ ತೂತಿನಲ್ಲಿ ಹೋಗಿವೆ, ನೋಡಿ ಎಂದರು. ತಪ್ಪು ಜಾಗದಲ್ಲಿ ಹೋಗಿವೆಯಲ್ಲ ಎಂದೆ. ಜಾಗವನ್ನು ತಿರುಪು ತಿರುಗಿಸಿ ಸರಿಮಾಡಬಹುದು, ಮನೆಯ ಶೆಡ್ಡಿಗೆ ಹೊಂದಿಸಿದ್ದು ಈ ಹಾಲಿನ ಬೆಳಕಿಗೆ ಹೊಂದುವುದಿಲ್ಲ, ಅಷ್ಟೆ. ನಳಿಗೆಯ ಕೆಲಸ ನಡುವಿಗೆ ಹೊಡೆಯುವುದಲ್ಲ, ಪ್ರತಿ ಸಲವೂ ಅದೇ ಜಾಗಕ್ಕೆ ಹೊಡೆಯುವುದು ಎಂದರು. ಹಾಗಾದರೆ ಗೀರು, ಬಾಯಿ ಎಂದದ್ದೆಲ್ಲ? ಅದೆಲ್ಲ ಇದಕ್ಕಾಗಿಯೇ, ಪ್ರತಿ ಗುಂಡನ್ನೂ ಒಂದೇ ರೀತಿ ಕಳಿಸಿಕೊಡಲಿಕ್ಕೆ ಎಂದರು. ನನಗೆ ಅರ್ಥವಾಯಿತು ಎಂದುಕೊಂಡೆ. ಪೂರ್ತಿ ಆಯಿತೋ ಇಲ್ಲವೋ, ಇವತ್ತಿಗೂ ಗಟ್ಟಿಯಾಗಿ ಹೇಳಲಾರೆ. ಮಗಳು ತಿರುಪನ್ನು ಟಿಕ್ ಟಿಕ್ ಎಂದು ತಿರುಗಿಸಿದಳು. ತೂತು ನಡುವಿಗೆ ಬಂತು, ಅಲ್ಲೇ ನಿಂತಿತು. ಅವಳ ಹಣೆ ದೀಪದ ಬೆಳಕಿಗೆ ಮಿನುಗುತ್ತಿತ್ತು.

ರೈಫಲ್ ಅವಳ ಬಳಿಯೇ ಉಳಿಯಿತು, ರಾಜ್ಯಕ್ಕೂ ಹೋಗುವುದಾಯಿತು. ಕುಂದಾಪುರದಲ್ಲಿ ಇಳಿದು ರಿಕ್ಷಾ ಹಿಡಿದು ಮನೆ ಮುಟ್ಟುವಾಗ ಸಂಜೆ. ಹೇಳಬೇಕಾದದ್ದು ನಾಲಗೆಯ ತುದಿಯಲ್ಲಿತ್ತು. ಅತ್ತೆ ಜಗಲಿಯಲ್ಲಿ ಬಲೆಯೂ ಇಲ್ಲದೆ, ಸೂಜಿಯೂ ಇಲ್ಲದೆ, ದಾರಿಯನ್ನೇ ನೋಡುತ್ತ ಕೂತಿದ್ದರು. ಬೆಳಿಗ್ಗೆಯಿಂದ ಹಾಗೇ ಕೂತಿದ್ದರು ಎಂದು ಪಕ್ಕದ ಮನೆಯವರು ಆಮೇಲೆ ಹೇಳಿದರು. ನಮ್ಮನ್ನು ಕಂಡು ಎದ್ದರು. ಅಂಕ ಕೇಳಲಿಲ್ಲ.

"ಬಂದ್ಯಾ?"

"ಬಂದೆ ಅಜ್ಜಿ" ಎಂದಳು ಮಗಳು.

ಅತ್ತೆ ಅವಳ ಹಣೆಯ ಎಣ್ಣೆಯನ್ನು ತಮ್ಮ ಸೆರಗಿನಿಂದ ಒರೆಸಿದರು.